ಪೆಟ್ಟಿಗೆಯ ಮುಂದೆ ಪೆಟ್ಟಿಗೆ

ವಿದ್ಯುತ್ ಗಿಟಾರು ನುಡಿಸುವವನ ಕಾಲ ಬಳಿ ಬಣ್ಣಬಣ್ಣದ ಸಣ್ಣ ಪೆಟ್ಟಿಗೆಗಳು ಸಾಲಾಗಿ ಕುಳಿತಿರುವುದನ್ನು ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದವರೆಲ್ಲರೂ ನೋಡಿದ್ದಾರೆ. ಅವನು ನಡುನಡುವೆ ಒಂದನ್ನು ಕಾಲಿನಿಂದ ಒತ್ತುತ್ತಾನೆ, ಸ್ವರ ಒರಟಾಗುತ್ತದೆ. ಇನ್ನೊಂದನ್ನು ಒತ್ತುತ್ತಾನೆ, ಇನ್ನೂ ಒರಟಾಗುತ್ತದೆ, ಇಲ್ಲವೆ ಬರಿದೆ ಗಟ್ಟಿಯಾಗುತ್ತದೆ. ಇದನ್ನು ಕಂಡು ಎರಡು ಬಗೆಯ ಜನ ಎರಡು ಬಗೆಯ ಮಾತನ್ನಾಡುವುದುಂಟು. ಗದ್ದಲ ಮಾಡುವುದಕ್ಕೆ ಒಂದು ಪೆಟ್ಟಿಗೆ ಸಾಲದೆ, ಎರಡು ಮೂರು ಏತಕ್ಕೆ ಎನ್ನುತ್ತಾರೆ ಹಿರಿಯರು. ಒಂದರಿಂದ ಇಷ್ಟು ಸೊಗಸಾದರೆ ಐದರಿಂದ ಇನ್ನೆಷ್ಟು ಸೊಗಸಾಗಬೇಡ ಎನ್ನುತ್ತಾರೆ ನನ್ನ ಸ್ನೇಹಿತರಲ್ಲಿ ಕೆಲವರು. ಈ ಇಬ್ಬರ ಮಾತನ್ನೂ ನಾನು ಒಪ್ಪಲಾರೆ. ನಮ್ಮ ಸಂಗೀತ ಮಂಡಲಿಗೆ ಈ ವರ್ಷ ಉಪಕರಣಗಳಿಗೆಂದು ಅಷ್ಟಿಷ್ಟು ಹಣ ದೊರೆಯುವ ಸಂಭವವಿದೆ. ಅದನ್ನು ಯಾವುದಕ್ಕೆ ಸುರಿಯಬೇಕೆಂಬ ಚರ್ಚೆ ಆಗಲೇ ಕ್ಯಾಂಟೀನಿನ ಮೇಜುಗಳಲ್ಲಿ ಬಿಸಿಯೇರಿದೆ. ಆದುದರಿಂದ ಈ ವಿಷಯ ಹರಟೆಯ ಮಟ್ಟವನ್ನು ದಾಟಿದೆಯೆಂದೇ ನಾನು ಭಾವಿಸುತ್ತೇನೆ.

ಮೊದಲು ಈ ಪೆಟ್ಟಿಗೆಗಳು ಮಾಡುವ ಕೆಲಸವೇನೆಂಬುದನ್ನು ನೋಡೋಣ. ತಂತಿ ಮಿಡಿದಾಗ ಗಿಟಾರಿನ ಪಿಕಪ್ಪಿನಿಂದ ಹೊರಡುವ ವಿದ್ಯುತ್ತು ಬಹು ಅಲ್ಪವಾದದ್ದು. ವೋಲ್ಟಿನ ಹತ್ತನೆಯ ಒಂದು ಭಾಗವೆಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳಬಹುದು. ಬೂಸ್ಟ್ ಎಂಬ ಪೆಟ್ಟಿಗೆ ಅದರ ಆಕಾರವನ್ನು ಆದಷ್ಟು ಕೆಡಿಸದೆ ಅದನ್ನು ದೊಡ್ಡದು ಮಾಡುತ್ತದೆ. ಓವರ್‌ಡ್ರೈವ್ ಎಂಬುದು ದೊಡ್ಡದು ಮಾಡುವುದರ ಜೊತೆಗೆ, ಒಂದು ಮಿತಿ ಮೀರಿದ ಕೂಡಲೆ ಅದರ ತಲೆ ಸವರುತ್ತದೆ. ಸೇರಿನಲ್ಲಿ ಅಕ್ಕಿ ಅಳೆಯುವ ಅಂಗಡಿಯವನು ಮೇಲೆ ಗೋಪುರವಾಗಿ ನಿಂತದ್ದನ್ನು ಅಂಗೈಯಿಂದ ಸವರಿ ಮಟ್ಟ ಮಾಡುತ್ತಾನಲ್ಲ, ಹಾಗೆ. ಅಲೆಯ ನೆತ್ತಿ ಚಪ್ಪಟೆಯಾದಾಗ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನವುಳ್ಳ ಉಪಸ್ವರಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಕಿವಿ ಇದನ್ನೇ ಒರಟು ಎಂದೋ, ತುಂಬು ಎಂದೋ, ಕೇಳುವವನ ವಯಸ್ಸಿಗೆ ತಕ್ಕಂತೆ ಹೆಸರಿಸುತ್ತದೆ.

ಶುದ್ಧವಾದ ಸ್ವರವನ್ನು ಹೀಗೆ ಕೆಡಿಸುವುದೇ ಅಪಚಾರವಲ್ಲವೆ ಎಂದು ಕೇಳುವ ಅಧ್ಯಾಪಕರಿಗೆ ನನ್ನದೊಂದು ವಿನಯಪೂರ್ವಕವಾದ ಪ್ರಶ್ನೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದೆಳೆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಜೀವಾಳಿ ಹಿಡಿಯುತ್ತಾರೆ. ಆ ದಾರ ಸರಿಯಾದ ಜಾಗದಲ್ಲಿ ಕುಳಿತಾಗ ಬರುವ ಝೇಂಕಾರವೂ ಉಪಸ್ವರಗಳ ರಾಶಿಯೇ. ದಾರವನ್ನು ತೆಗೆದರೆ ತಂತಿ 'ಶುದ್ಧ'ವಾಗಿಯೇ ನುಡಿಯುತ್ತದೆ. ಆದರೆ ಅದನ್ನು ಹಿಂದಿಟ್ಟುಕೊಂಡು ಹಾಡಲು ಯಾವ ವಿದ್ವಾಂಸರೂ ಒಪ್ಪಲಾರರು. ಅಲ್ಲಿ ಮರ ಮತ್ತು ದಾರ ಮಾಡುವುದನ್ನು ಇಲ್ಲಿ ಟ್ರಾನ್ಸಿಸ್ಟರೂ ಡಯೋಡೂ ಬೇರೊಂದು ದಾರಿಯಿಂದ ಮಾಡುತ್ತವೆ. ಎರಡೂ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಉಪಸ್ವರ ಸೇರಿಸುವುದೇ ತಪ್ಪಾಗುವುದಾದರೆ ತಪ್ಪು ಬಹಳ ಹಳೆಯದು ಎಂದಷ್ಟೇ ನನ್ನ ವಾದ.

ಇನ್ನು ಪಾಶ್ಚಾತ್ಯರಲ್ಲಿ ಈ ಸ್ವರ ಹುಟ್ಟಿದ ಬಗೆ ತುಸು ತಮಾಷೆಯಾದದ್ದು. ಅದು ಯಾವ ಪಂಡಿತನ ತಲೆಯಿಂದಲೂ ಹುಟ್ಟಲಿಲ್ಲ. ಕೆಟ್ಟ ಸಾಮಾನುಗಳಿಂದ ಹುಟ್ಟಿತು. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಐಕ್ ಟರ್ನರನ ವಾದ್ಯವೃಂದ 'ರಾಕೆಟ್ 88' ಎಂಬ ಹಾಡನ್ನು ಮುದ್ರಿಸಿದಾಗ ಗಿಟಾರಿನ ಆಂಪ್ಲಿಫೈಯರು ದಾರಿಯಲ್ಲಿ ಪೆಟ್ಟು ತಿಂದು ಬಂದಿತ್ತು. ಒಡೆದ ಸ್ಪೀಕರಿಗೆ ಕಾಗದ ತುರುಕಿ ನುಡಿಸಿದರಂತೆ. 1958ರಲ್ಲಿ 'ರಂಬಲ್' ನುಡಿಸಿದ ಲಿಂಕ್ ರೇ ಬೇಕೆಂದೇ ಸ್ಪೀಕರಿಗೆ ತೂತು ಚುಚ್ಚಿದನೆಂದು ಪ್ರತೀತಿ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸನ 'ಡೋಂಟ್ ವರಿ' ಎಂಬ ಹಾಡು ನ್ಯಾಶ್‌ವಿಲ್ಲಿನಲ್ಲಿ ಮುದ್ರಣವಾಗುತ್ತಿದ್ದಾಗ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ನನ ವಾದ್ಯ ಕರಕರನೆ ಕೇಳಿಸಿತು. ಇತರರಾಗಿದ್ದರೆ ಅದನ್ನು ಅಳಿಸಿಬಿಡುತ್ತಿದ್ದರೇನೊ. ಇಂಜಿನಿಯರಾಗಿದ್ದ ಗ್ಲೆನ್ ಸ್ನಾಡಿ ಆ ಕರಕರವನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದಾಗ ಬರುವಂತೆ ಮಾಡಿದನು. 1962ರಲ್ಲಿ ಅದು ಮೇಸ್ಟ್ರೋ ಫಝ್-ಟೋನ್ ಎಂಬ ಪೆಟ್ಟಿಗೆಯಾಗಿ ಮಾರುಕಟ್ಟೆಗೆ ಬಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅದನ್ನು 'ಸ್ಯಾಟಿಸ್ಫ್ಯಾಕ್ಷನ್' ಹಾಡಿನಲ್ಲಿ ನುಡಿಸಿದ ಮೇಲೆ ಅದರ ಹೆಸರು ಊರೂರಿಗೂ ಮುಟ್ಟಿತು.

ಒಂದು ಪೆಟ್ಟಿಗೆಯ ಮುಂದೆ ಇನ್ನೊಂದು ಬಂದ ಕಥೆಯಂತೂ ಇನ್ನೂ ಸೊಗಸು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್ ಎಂಬಾತ, ಸ್ವರವನ್ನು ಒರಟಾಗಿಸದೆ ಬಹುಕಾಲ ನಿಲ್ಲಿಸುವ ಒಂದು ಪೆಟ್ಟಿಗೆಯನ್ನು ಮಾಡಿಕೊಡೆಂದು ಬಾಬ್ ಮೈಯರ್ ಎಂಬ ಇಂಜಿನಿಯರನ್ನು ಕೇಳಿದ್ದನು. ಮೈಯರ್ ತಂದ ಮಾದರಿಯ ಮುಂದೆ ಇನ್ನೊಂದು ಪುಟ್ಟ ಪೆಟ್ಟಿಗೆ ಅಂಟಿಕೊಂಡಿತ್ತು. ಇದೇನೆಂದು ಕೇಳಿದರೆ, ಗಿಟಾರಿನಿಂದ ಬರುವ ಸಂಜ್ಞೆ ಸಾಲದೆ ಹೋಯಿತು, ಅದಕ್ಕಾಗಿ ಒಂದೇ ಟ್ರಾನ್ಸಿಸ್ಟರಿನ ಈ ವರ್ಧಕವನ್ನು ಇಟ್ಟೆ ಎಂದನಂತೆ. ಮ್ಯಾಥ್ಯೂಸ್ ದೊಡ್ಡ ಪೆಟ್ಟಿಗೆಯನ್ನು ಬದಿಗಿಟ್ಟು ಚಿಕ್ಕದನ್ನೇ ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿ ನೋಡಿದನು; ಆಂಪ್ಲಿಫೈಯರು ಅಬ್ಬರಿಸಿತು. ಎಲ್‌ಪಿಬಿ-1 ಎಂಬ ಹೆಸರಿನಲ್ಲಿ ಅದು ಇಂದಿಗೂ ಮಾರಾಟವಾಗುತ್ತಿದೆ. ಇಂಗ್ಲೆಂಡಿನಲ್ಲಿಯೂ ಇದಕ್ಕೆ ಸ್ವಲ್ಪ ಮುಂಚೆ ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಒಂದೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ಬೂಸ್ಟರು ಬಂದಿತ್ತು. ಐರ್ಲೆಂಡಿನ ರೋರಿ ಗ್ಯಾಲಗರ್ ಅದನ್ನು ವಾಕ್ಸ್ ಎಸಿ-30 ಎಂಬ ವಾಲ್ವ್ ಆಂಪ್ಲಿಫೈಯರಿನ ಮುಂದಿಟ್ಟು ನುಡಿಸಿದನು. ತಂದೆಯೊಡನೆ ಸೇರಿ ಮನೆಯಲ್ಲಿಯೇ ಗಿಟಾರು ಮಾಡಿಕೊಂಡ ಬ್ರಯನ್ ಮೇ ಹಿಡಿದದ್ದೂ ಇದೇ ದಾರಿ. ಇಲ್ಲೊಂದು ಅಂಶವನ್ನು ಗಮನಿಸಬೇಕು. ಇವರ ಬಳಿ ಒಂದೇ ಪೆಟ್ಟಿಗೆ ಕಂಡರೂ ಲೆಕ್ಕದಲ್ಲಿ ಅವು ಎರಡು. ತಲೆ ಸವರುವ ಕೆಲಸವನ್ನು ಮಾಡುತ್ತಿದ್ದುದು ಹಿಂದಿನ ಆಂಪ್ಲಿಫೈಯರೇ. ಒಂದು ತಳ್ಳುತ್ತದೆ, ಇನ್ನೊಂದು ಮಣಿಯುತ್ತದೆ. ಹಾಗಾಗಿ 'ಎರಡೇಕೆ' ಎಂಬ ಹಿರಿಯರ ಪ್ರಶ್ನೆಗೆ, ಎರಡಿಲ್ಲದೆ ಈ ಸ್ವರ ಬೆಳೆಯಲೇ ಇಲ್ಲ ಎಂಬುದೇ ಉತ್ತರ.

ಈಗ ನನ್ನ ಸ್ನೇಹಿತರ ಕಡೆಗೆ ತಿರುಗುತ್ತೇನೆ. ಅವರು ಮಾಡುವ ದೊಡ್ಡ ತಪ್ಪು ಗಣಿತದ್ದು. ಪೆಟ್ಟಿಗೆಗಳು ಕೂಡುವುದಿಲ್ಲ, ಗುಣಿಸುತ್ತವೆ. ಎಂಎಕ್ಸ್‌ಆರ್ ಮೈಕ್ರೋ ಆಂಪ್ ಎಂಬ ಒಂದೇ ನಾಬಿನ ಬೂಸ್ಟರು 26 ಡೆಸಿಬಲ್ ವರ್ಧಿಸುತ್ತದೆ. ಎಂದರೆ ವೋಲ್ಟೇಜನ್ನು ಸುಮಾರು 20 ಮಡಿ ಮಾಡುತ್ತದೆ. ಅಂತಹವೆರಡನ್ನು ಸಾಲಾಗಿಟ್ಟು ಪೂರ್ತಿ ತಿರುಗಿಸಿದರೆ 40 ಮಡಿಯಲ್ಲ, 400 ಮಡಿ. ವೋಲ್ಟಿನ ಹತ್ತನೆಯ ಒಂದು ಭಾಗ 40 ವೋಲ್ಟಾಗಬೇಕಾಯಿತು. ಆದರೆ ಪೆಟ್ಟಿಗೆಯೊಳಗಿರುವುದು 9 ವೋಲ್ಟಿನ ಬ್ಯಾಟರಿ. ಅದು 40 ವೋಲ್ಟನ್ನು ಎಲ್ಲಿಂದ ತಂದುಕೊಟ್ಟೀತು? ಬೂಸ್ಟರೇ ಅಲೆಯ ತಲೆ ಕತ್ತರಿಸುತ್ತದೆ, ಅದೂ ಒರಟೊರಟಾಗಿ. ಅರ್ಥಶಾಸ್ತ್ರದ ತರಗತಿಯಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣಕ್ಕೆ ಮಾವಿನ ಹಣ್ಣಿನ ಉದಾಹರಣೆ ಕೊಡುತ್ತಾರೆ. ಐದನೆಯ ಹಣ್ಣಿಗೆ ಹೊಟ್ಟೆ ತುಂಬಿರುತ್ತದೆ. ಇಲ್ಲಿ ಮೂರನೆಯ ಪೆಟ್ಟಿಗೆಗೇ ಅಜೀರ್ಣ.

ಗಿಟಾರಿನ ಸ್ವರದ ಜೊತೆಗೆ ಗುಣಿಸಿಕೊಂಡು ಬರುವ ಇನ್ನೊಬ್ಬ ಅತಿಥಿಯೂ ಇದ್ದಾನೆ. ಪಿಕಪ್ಪು ಸುತ್ತಲಿನ ದೀಪ, ಫ್ಯಾನು, ತಂತಿಗಳಿಂದ ಹೀರಿಕೊಳ್ಳುವ ಗುಂಯ್‌ಗುಡಿಕೆ, ನಮ್ಮ ದೇಶದ ಸೆಕೆಂಡಿಗೆ 50 ಕಂಪನದ ವಿದ್ಯುತ್ತಿನ ಕೊಡುಗೆ, ಅದೂ 400 ಮಡಿಯಾಗುತ್ತದೆ. ಸಾಲದುದಕ್ಕೆ ಮೊದಲ ಪೆಟ್ಟಿಗೆಯ ಸ್ವಂತ ಸಿಳ್ಳು ಎರಡನೆಯದರಲ್ಲಿ ಹಿಗ್ಗಿ, ಎರಡರದೂ ಮೂರನೆಯದರಲ್ಲಿ ಹಿಗ್ಗುತ್ತದೆ. ಗಿಟಾರಿನ ಸ್ವರಕ್ಕಾದರೂ ತಲೆ ಸವರುವವರುಂಟು. ಗುಂಯ್‌ಗುಡಿಕೆ ಚಿಕ್ಕದಾದ್ದರಿಂದ ಅದರ ತಲೆಗೆ ಕತ್ತರಿ ತಗಲುವುದಿಲ್ಲ, ಅದು ಪೂರ್ತಿ ಬೆಳೆಯುತ್ತದೆ. ಎರಡು ಹಾಡುಗಳ ನಡುವೆ ವೇದಿಕೆಯಿಂದ ಬರುವ ಆ ಹೋಯ್ ಶಬ್ದ ಇದೇ.

ಹಾಗಾದರೆ ಎರಡು ಪೆಟ್ಟಿಗೆಗಳನ್ನು ಸರಿಯಾಗಿ ಕೂಡಿಸುವುದು ಹೇಗೆ? ಇಲ್ಲಿ ಕ್ರಮವೇ ಮುಖ್ಯ. ಸಮಾಸದಲ್ಲಿ ಪೂರ್ವಪದ ಉತ್ತರಪದಗಳಂತೆ, ಹಿಂದು ಮುಂದಾದರೆ ಅರ್ಥವೇ ಬೇರೆ. ಬೂಸ್ಟನ್ನು ಓವರ್‌ಡ್ರೈವಿನ ಮುಂದಿಟ್ಟರೆ ಸೇರಿಗೆ ಇನ್ನಷ್ಟು ಅಕ್ಕಿ ಸುರಿದ ಹಾಗೆ. ಸೇರು ದೊಡ್ಡದಾಗುವುದಿಲ್ಲ; ಸವರುವುದು ಹೆಚ್ಚುತ್ತದೆ. ಸದ್ದು ಹೆಚ್ಚೇನೂ ಏರದೆ ಸ್ವರ ದಪ್ಪವಾಗಿ, ಹೆಚ್ಚು ಹೊತ್ತು ನಿಲ್ಲುತ್ತದೆ. ಬೂಸ್ಟನ್ನು ಹಿಂದಿಟ್ಟರೆ, ಮಟ್ಟ ಮಾಡಿದ ಸೇರನ್ನು ಎತ್ತಿ ಎತ್ತರದ ಜಗಲಿಯ ಮೇಲಿಟ್ಟ ಹಾಗೆ. ಒರಟು ಅಷ್ಟೇ ಇದ್ದು ಸದ್ದು ಮಾತ್ರ ಏರುತ್ತದೆ, ಆಂಪ್ಲಿಫೈಯರಿಗೆ ಅದನ್ನು ತಾಳುವ ಶಕ್ತಿ ಉಳಿದಿದ್ದರೆ. ಮೊದಲನೆಯದು ಸ್ವರದ ಗುಣಕ್ಕೆ, ಎರಡನೆಯದು ತನಿ ನುಡಿಸುವಾಗ ಉಳಿದವರಿಗಿಂತ ಮೇಲೆ ಕೇಳಿಸುವುದಕ್ಕೆ. ಇಷ್ಟು ತಿಳಿಯದೆ ಬೂಸ್ಟನ್ನು ಮುಂದಿಟ್ಟುಕೊಂಡು 'ಒತ್ತಿದರೂ ಗಟ್ಟಿಯಾಗುವುದಿಲ್ಲ, ಪೆಟ್ಟಿಗೆ ಕೆಟ್ಟಿದೆ' ಎಂದು ದೂರುವವರನ್ನು ನಾನು ಕಂಡಿದ್ದೇನೆ.

ಎರಡು ಓವರ್‌ಡ್ರೈವುಗಳನ್ನೇ ಕೂಡಿಸುವುದು ಇನ್ನೂ ನಾಜೂಕಿನ ಕೆಲಸ. ಜಪಾನಿನಲ್ಲಿ ಸುಸುಮು ತಮುರಾ ಎಂಬಾತ ರೂಪಿಸಿದ, 1970ರ ದಶಕದ ಕೊನೆಯಲ್ಲಿ ಐಬನೆಝ್ ಹೆಸರಿನಲ್ಲಿ ಬಂದ ಟ್ಯೂಬ್ ಸ್ಕ್ರೀಮರ್ ಎಂಬ ಹಸಿರು ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಸುಮಾರು 720 ಕಂಪನಕ್ಕಿಂತ ಕೆಳಗಿನ ಮಂದ್ರ ಸ್ವರಗಳನ್ನು ಅದು ಕಡಿಮೆ ವರ್ಧಿಸುತ್ತದೆ. ಗಿಟಾರಿನ ಅತಿ ದಪ್ಪ ತಂತಿ ನುಡಿಯುವುದು 82 ಕಂಪನದಲ್ಲಿ. ಆ ದೊಡ್ಡ ಅಲೆಯನ್ನು ಹಾಗೆಯೇ ಬಿಟ್ಟರೆ ಅದು ಸೇರನ್ನೆಲ್ಲ ತಾನೇ ತುಂಬಿಕೊಂಡು, ಅದರ ಬೆನ್ನ ಮೇಲೆ ಸವಾರಿ ಮಾಡುವ ಸಣ್ಣ ಅಲೆಗಳ ಕತ್ತು ಹಿಸುಕುತ್ತದೆ. ಕೇಳುವವರಿಗೆ ಬುಡಬುಡ ಎನ್ನಿಸುತ್ತದೆ. ಹಸಿರು ಪೆಟ್ಟಿಗೆಯನ್ನು ಮುಂದಿಟ್ಟು, ಅದರ ಡ್ರೈವ್ ನಾಬನ್ನು ತೀರ ಇಳಿಸಿ, ಲೆವೆಲ್ ನಾಬನ್ನು ಏರಿಸಿದರೆ, ಮಂದ್ರದ ಬೊಜ್ಜು ಕರಗಿದ ಸ್ವರ ಹಿಂದಿನ ಪೆಟ್ಟಿಗೆಗೋ ಆಂಪ್ಲಿಫೈಯರಿಗೋ ಬಲವಾಗಿ ತಲುಪುತ್ತದೆ. ಟೆಕ್ಸಾಸಿನ ಸ್ಟೀವಿ ರೇ ವಾನ್ ನುಡಿಸುತ್ತಿದ್ದುದು ಬಹುಮಟ್ಟಿಗೆ ಹೀಗೆಯೇ, ಫೆಂಡರ್ ಆಂಪ್ಲಿಫೈಯರುಗಳ ಮುಂದೆ. ಆತನ ಸಂಗೀತಕ್ಕೆ ಯಾವ ಸಂಬಂಧವೂ ಇಲ್ಲದ ಮೆಟಲ್ ತಂಡಗಳೂ ಇದೇ ಉಪಾಯವನ್ನು ಹಿಡಿದಿವೆ. ಇಂತಹ ಜೋಡಿಯಲ್ಲಿ ಹಿಂದಿನ ಪೆಟ್ಟಿಗೆಯೇ ಸ್ವರದ ಬಣ್ಣವನ್ನು ಹೆಚ್ಚಾಗಿ ನಿರ್ಣಯಿಸುತ್ತದೆ. ಮುಂದಿನದು ಅದಕ್ಕೆ ಏನನ್ನು ಉಣಿಸಬೇಕೆಂಬುದನ್ನು ನಿರ್ಣಯಿಸುತ್ತದೆ.

ಒಂದೇ ಪೆಟ್ಟಿಗೆಯನ್ನು ಪೂರ್ತಿ ತಿರುಗಿಸಿದರೆ ಇದೇ ಫಲ ಬಾರದೆ ಎನ್ನಬಹುದು. ಬಾರದು. ಪೂರ್ತಿ ತಿರುಗಿಸಿದ ಪೆಟ್ಟಿಗೆಯಲ್ಲಿ ಮೆಲ್ಲಗೆ ಮಿಡಿದದ್ದೂ ಬಲವಾಗಿ ಮಿಡಿದದ್ದೂ ಒಂದೇ ಮಟ್ಟಕ್ಕೆ ಸವರಿಹೋಗುತ್ತವೆ. ನುಡಿಸುವವನ ಬೆರಳಿನ ಗುಣವೇ ಅಳಿಸಿಹೋಗುತ್ತದೆ. ಎರಡು ಪೆಟ್ಟಿಗೆಗಳನ್ನು ಮಿತವಾಗಿ ತೆರೆದಾಗ ಒಂದು ಅಲೆಯ ಮೂಲೆಯನ್ನು ತುಸು ಉಜ್ಜುತ್ತದೆ, ಮತ್ತೊಂದು ಇನ್ನು ತುಸು ಉಜ್ಜುತ್ತದೆ. ಮೆಲ್ಲಗೆ ನುಡಿಸಿದರೆ ಸ್ವರ ತಿಳಿಯಾಗುವ ಅವಕಾಶ ಉಳಿಯುತ್ತದೆ. ಇದಲ್ಲದೆ ಎರಡು ಪೆಟ್ಟಿಗೆಗಳಿಂದ ನಾಲ್ಕು ಅವಸ್ಥೆಗಳು ದೊರೆಯುತ್ತವೆ: ಯಾವುದೂ ಇಲ್ಲ, ಮೊದಲನೆಯದು, ಎರಡನೆಯದು, ಎರಡೂ. ಮೂರರಿಂದ ಎಂಟು ದೊರೆಯುವುದು ನಿಜ. ಆದರೆ ಹಾಡಿನ ನಡುವೆ ಎಂಟರಲ್ಲಿ ಆರಿಸಿ ಒತ್ತುವುದಕ್ಕೆ ಮನುಷ್ಯನಿಗಿರುವುದು ಎರಡೇ ಕಾಲು, ಅದರಲ್ಲಿಯೂ ಒಂದರ ಮೇಲೆ ನಿಂತಿರಬೇಕು.

ಸ್ವರಮೇಳಗಳ ವಿಷಯದಲ್ಲಿಯೂ ಎಚ್ಚರ ಬೇಕು. ಎರಡು ಸ್ವರಗಳನ್ನು ಒಟ್ಟಿಗೆ ಇಂತಹ ಪೆಟ್ಟಿಗೆಯೊಳಕ್ಕೆ ಬಿಟ್ಟರೆ, ಅವುಗಳ ಕಂಪನಗಳ ವ್ಯತ್ಯಾಸದಷ್ಟು ಕಂಪನವುಳ್ಳ ಮೂರನೆಯದೊಂದು ಸ್ವರ ಕರೆಯದೆ ಬರುತ್ತದೆ. ಷಡ್ಜ 440 ಆಗಿ ಪಂಚಮ 660ರ ಸಮೀಪವಿದ್ದರೆ ವ್ಯತ್ಯಾಸ 220; ಅದು ಕೆಳಗಿನ ಷಡ್ಜವೇ ಆದ್ದರಿಂದ ಕಿವಿಗೆ ಇಂಪು. ಅಂತರ ಗಾಂಧಾರ ಶುದ್ಧವಾಗಿದ್ದರೆ 550 ಇರಬೇಕು, ವ್ಯತ್ಯಾಸ 110, ಅದೂ ಷಡ್ಜವೇ. ಆದರೆ ಗಿಟಾರಿನ ಮೆಟ್ಟಿಲುಗಳು ಸಪ್ತಕವನ್ನು 12 ಸಮಪಾಲು ಮಾಡಿರುವುದರಿಂದ ಆ ಗಾಂಧಾರ 554ಕ್ಕೆ ಬೀಳುತ್ತದೆ, ವ್ಯತ್ಯಾಸ 114. ಶ್ರುತಿ ಕೆಟ್ಟ ಈ ಅತಿಥಿ ಒಂದು ಪೆಟ್ಟಿಗೆಯಲ್ಲಿ ಮೂಲೆಯಲ್ಲಿ ಕುಳಿತಿರುತ್ತಾನೆ, ಮೂರು ಪೆಟ್ಟಿಗೆಗಳಲ್ಲಿ ಪಂಕ್ತಿಗೇ ಬಂದು ಕೂಡುತ್ತಾನೆ. ರಾಕ್ ತಂಡದವರು ಒರಟು ಸ್ವರದಲ್ಲಿ ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನು ಮಾತ್ರ ನುಡಿಸುವುದೇಕೆಂಬುದಕ್ಕೆ ಇಲ್ಲಿಯೇ ಕಾರಣವಿದೆ. ಇದಕ್ಕೆ ಪ್ರತಿಯಾಗಿ, ಒಂದೊಂದೇ ಸ್ವರವನ್ನು ಎಳೆದು ಗಮಕವನ್ನು ತೋರಿಸುವಾಗ ಈ ದೋಷವಿಲ್ಲ. ಮಿಡಿದ ಸ್ವರ ಬೇಗನೆ ಸಾಯದೆ ನಿಲ್ಲುವುದರಿಂದ ಅದು ಉಪಕಾರವೇ. ನಮ್ಮವರು ಈ ದಿಕ್ಕಿನಲ್ಲಿ ಇನ್ನಷ್ಟು ಪ್ರಯತ್ನಿಸಬೇಕೆಂದು ನನ್ನ ಆಸೆ.

ಇಷ್ಟೆಲ್ಲದಕ್ಕಿಂತ ನನಗೆ ಮುಖ್ಯವಾದದ್ದು ಹಾಡಿನ ಮಾತು. ನಮ್ಮ ಮಂಡಲಿಯಲ್ಲಿ ಹಾಡುವುದು ಬಹುಪಾಲು ಕನ್ನಡ ಭಾವಗೀತೆಗಳನ್ನು. ಗಿಟಾರು ಅದರ ಜೊತೆಗಾರ. ಹಸಿರು ಪೆಟ್ಟಿಗೆಯ ಜಾತಿಯವು ಎತ್ತಿ ತೋರಿಸುವುದು ಮಧ್ಯದ ಕಂಪನಗಳನ್ನು, ಮನುಷ್ಯಕಂಠದ ಸ್ವರಾಕ್ಷರಗಳೂ ಬಹುವಾಗಿ ಇರುವುದು ಅಲ್ಲಿಯೇ. ಗಾಯಕಿ ಬಾಯಿ ತೆರೆದಿದ್ದಾಳೆ, ಮುಂದಿನ ಸಾಲಿನಲ್ಲಿ ಕುಳಿತವರಿಗೂ ಪದ ತಿಳಿಯದು, ಪಲ್ಲವಿ ಬಂದಾಗ ಮಾತ್ರ ಯಾವ ಹಾಡೆಂದು ಗೊತ್ತಾಗುತ್ತದೆ: ಇಂತಹ ಕಾರ್ಯಕ್ರಮಗಳನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಗಾಯಕಿಯ ಮೈಕನ್ನು ಏರಿಸಿದರೆ ಗಿಟಾರಿನವನೂ ಏರಿಸುತ್ತಾನೆ. ಹಾಡುವಾಗ ಮೊದಲನೆಯ ಪೆಟ್ಟಿಗೆ ಮಾತ್ರ, ಅದೂ ಮಿತವಾಗಿ. ಚರಣಗಳ ನಡುವೆ ತನಿ ಬಂದಾಗ ಎರಡನೆಯದು. ತನಿ ಮುಗಿದೊಡನೆ ಅದನ್ನು ಆರಿಸಬೇಕು. ಇದನ್ನು ನಿಯಮವಾಗಿಯೇ ಮಾಡಿಕೊಳ್ಳಬೇಕೆಂಬುದು ನನ್ನ ಸೂಚನೆ. ಎರಡು ಪೆಟ್ಟಿಗೆಗಳಿಲ್ಲದೆ ಈ ನಿಯಮವನ್ನು ಪಾಲಿಸುವುದೂ ಸಾಧ್ಯವಿಲ್ಲ; ಒಂದೇ ಪೆಟ್ಟಿಗೆಯವನು ತನಿಗಾಗಿ ಇಟ್ಟ ಸದ್ದಿನಲ್ಲಿಯೇ ಹಾಡನ್ನೆಲ್ಲ ನುಡಿಸುತ್ತಾನೆ.

ಹಣದ ಮಾತಿಗೆ ಬರೋಣ. ಹೆಸರಾಂತ ವಿದೇಶಿ ಪೆಟ್ಟಿಗೆಯೊಂದನ್ನೇ ಕೊಳ್ಳಬೇಕೆಂಬ ಪಕ್ಷವೊಂದಿದೆ. ಆ ಭಕ್ತಿಗೆ ಕ್ಲಾನ್ ಸೆಂಟಾರ್ ಒಳ್ಳೆಯ ನಿದರ್ಶನ. ಅಮೆರಿಕದ ಬಿಲ್ ಫಿನೆಗನ್ 1994ರಿಂದ ಮುಂದೆ ಕೆಲವು ಸಾವಿರ ಪೆಟ್ಟಿಗೆಗಳನ್ನು ಮಾಡಿ ನಿಲ್ಲಿಸಿದ ಮೇಲೆ ಹಳೆಯ ಪೆಟ್ಟಿಗೆಗಳೇ ಸಾವಿರಾರು ಡಾಲರಿಗೆ ಕೈಬದಲಾದವು. ಅದರೊಳಗೆ ಬುದ್ಧಿವಂತಿಕೆಯಿಲ್ಲವೆಂದಲ್ಲ, 9 ವೋಲ್ಟನ್ನು ಒಳಗೇ ಹೆಚ್ಚಿಸಿಕೊಂಡು ಅಲೆಗೆ ಜಾಗ ಮಾಡಿಕೊಡುತ್ತದೆ, ಒರಟು ಸ್ವರದೊಡನೆ ತಿಳಿ ಸ್ವರವನ್ನೂ ಬೆರೆಸುತ್ತದೆ. ಆದರೆ 2012ರಲ್ಲಿ ಅದರ ಹೊಸ ರೂಪವನ್ನು ತಂದಾಗ ಫಿನೆಗನ್ನೇ, ಈ ಹಾಸ್ಯಾಸ್ಪದ ಪ್ರಚಾರ ತಾನು ಮಾಡಿದ್ದಲ್ಲವೆಂಬ ಅರ್ಥದ ಮಾತನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದನು. ಮಾಡಿದವನಿಗೇ ಬೇಡವಾದ ಭಕ್ತಿ ನಮಗೇಕೆ?

ಇನ್ನೊಂದು ಪಕ್ಷ, ಎಲ್ಲ ಪೆಟ್ಟಿಗೆಗಳನ್ನೂ ಅನುಕರಿಸುವ ಒಂದೇ ಡಿಜಿಟಲ್ ಯಂತ್ರವನ್ನು ಕೊಳ್ಳೋಣ ಎನ್ನುತ್ತದೆ. ಈ ವಾದ ಬಲವಾದದ್ದು. ಅದರಲ್ಲಿ ಕ್ರಮವನ್ನು ತಂತಿ ಕೀಳದೆ ಬದಲಾಯಿಸಬಹುದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಸ್ಟೆಲಿನಲ್ಲಿ ಯಾರಿಗೂ ತೊಂದರೆಯಾಗದಂತೆ ಅಭ್ಯಾಸ ಮಾಡಬಹುದು. ಒಬ್ಬನೇ ತನ್ನ ಹಣದಿಂದ ಕೊಳ್ಳುವುದಾದರೆ ನಾನೂ ಅದನ್ನೇ ಕೊಳ್ಳೆನ್ನುತ್ತೇನೆ. ಆದರೆ ಮಂಡಲಿಯ ಸಾಮಾನು ವರ್ಷವರ್ಷ ಕೈಬದಲಾಗುವಂಥದ್ದು. ಸಣ್ಣ ಪೆಟ್ಟಿಗೆಯ ಸ್ವಿಚ್ಚೋ ಸಾಕೆಟ್ಟೋ ಕೆಟ್ಟರೆ ಪೇಟೆಯ ರೇಡಿಯೋ ಟಿ.ವಿ. ರಿಪೇರಿಯವನು ಬಿಚ್ಚಿ ಬೆಸುಗೆ ಹಾಕಿಕೊಡಬಲ್ಲ. ಯಂತ್ರ ಕೆಟ್ಟರೆ ಅದು ಬೀರುವಿನಲ್ಲಿ ಹಳೆಯ ಹಾರ್ಮೋನಿಯಮ್ಮಿನ ಪಕ್ಕಕ್ಕೆ ಸೇರುತ್ತದೆ.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ಕೊಳ್ಳತಕ್ಕದ್ದು ಇಷ್ಟು: ಸಾಧಾರಣ ಬೆಲೆಯ ಒಂದು ಓವರ್‌ಡ್ರೈವು, ಒಂದು ಬೂಸ್ಟು, ಪ್ರತಿಯೊಂದು ಪೆಟ್ಟಿಗೆಗೂ ಬೇರೆಬೇರೆಯಾಗಿ 9 ವೋಲ್ಟು ಕೊಡುವ ಒಂದು ಒಳ್ಳೆಯ ಪವರ್ ಸಪ್ಲೈ. ಕೊನೆಯದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಒಂದೇ ಅಡಾಪ್ಟರಿನಿಂದ ಎಲ್ಲಕ್ಕೂ ಕವಲು ಹೊಡೆದು ಆಮೇಲೆ ಗುಂಯ್‌ಗುಡುತ್ತದೆಯೆಂದು ಗೊಣಗುತ್ತಾರೆ. ಹಳೆಯ ಮಾದರಿಯ ಕೆಲವು ಜರ್ಮೇನಿಯಂ ಪೆಟ್ಟಿಗೆಗಳಲ್ಲಿ ಧನ ಧ್ರುವವೇ ಭೂಮಿಗೆ ಸೇರಿರುತ್ತದೆ. ಅಂತಹದನ್ನು ಇತರ ಪೆಟ್ಟಿಗೆಗಳೊಡನೆ ಒಂದೇ ಕವಲಿಗೆ ಹಾಕಿದರೆ ನೇರವಾಗಿ ಷಾರ್ಟಾಗುತ್ತದೆ. ಉಳಿದ ಹಣವೆಲ್ಲ ನಮ್ಮ ಆಂಪ್ಲಿಫೈಯರಿನ ರಿಪೇರಿಗೆ ಹೋಗಲಿ. ಅದರ ಸ್ಪೀಕರು ಹರಿದಿದೆ, ಮತ್ತು ನಾವು ಯಾರೂ ಲಿಂಕ್ ರೇ ಅಲ್ಲ.

ಮಂಡಲಿಯ ಸಭೆ ಪರೀಕ್ಷೆಗೆ ಮುಂಚೆಯೇ ಸೇರುವುದಾದರೆ, ಎರವಲು ತಂದ ಎರಡು ಪೆಟ್ಟಿಗೆಗಳನ್ನು ಎರಡು ಕ್ರಮಗಳಲ್ಲಿಯೂ ನುಡಿಸಿ ತೋರಿಸಲು ನನ್ನ ಗೆಳೆಯರು ಸಿದ್ಧರಿದ್ದಾರೆ. ಒಬ್ಬಳು ಗಾಯಕಿಯೂ ಇರುತ್ತಾಳೆ. ಅಧ್ಯಾಪಕರು ದಯವಿಟ್ಟು ಕೊನೆಯ ಸಾಲಿನಲ್ಲಿ ಗಿಟಾರಿಗೆ ಬೆನ್ನು ಮಾಡಿ ಕುಳಿತು, ಯಾವ ಕ್ರಮದಲ್ಲಿ ಹಾಡಿನ ಮಾತು ಕೇಳಿಸಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಬೇಕೆಂದು ವಿನಂತಿ.